ಪಿಎಫ್ ಅರ್ಜಿಯೂ ಪೌಲನ ಪ್ರಾರ್ಥನೆಯೂ

ಪೀಣ್ಯದ ಗಾರ್ಮೆಂಟ್ ಕಾರ್ಖಾನೆಯೊಂದರಲ್ಲಿ ನಾನು ಕಲ್ಯಾಣಾಧಿಕಾರಿ. ಕೆಲಸಗಾರರ ಬಾಯಲ್ಲಿ ‘ವೆಲ್ಫೇರ್ ಮೇಡಂ’. ಐನೂರು ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವ ಕಾರ್ಖಾನೆಯಲ್ಲಿ ಇಂಥ ಒಬ್ಬರು ಇರಲೇಬೇಕೆಂದು 1948ರ ಕಾರ್ಖಾನೆಗಳ ಕಾಯ್ದೆ ವಿಧಿಸಿದ್ದರಿಂದ ಹುಟ್ಟಿಕೊಂಡ ಹುದ್ದೆ ಇದು. ಸಂಬಳ ಕೊಡುವುದು ಆಡಳಿತ ಮಂಡಳಿ, ಕೆಲಸ ಮಾಡಬೇಕಾದದ್ದು ಕಾರ್ಮಿಕರಿಗಾಗಿ. ಹೀಗೆ ಎರಡರ ನಡುವೆ ನಿಂತವರಿಗೆ ಕರುಣೆಯೊಂದಿದ್ದರೆ ಸಾಕೆಂದು ಹೊರಗಿನವರು ಭಾವಿಸುತ್ತಾರೆ. ನಮ್ಮ ಚರ್ಚಿನ ಸಭೆಯಲ್ಲಿಯೂ ಹಲವರು, ‘ನಿಮ್ಮದು ಸೇವೆಯ ಕೆಲಸವಲ್ಲವೇ’ ಎಂದು ಸಂತೋಷಪಡುತ್ತಾರೆ. ಆದರೆ ಈ ಕೆಲಸದಲ್ಲಿ ನನಗೆ ಹೆಚ್ಚು ನೆರವಾಗಿರುವುದು, ಸೆರೆಯಲ್ಲಿದ್ದ ಅಪೊಸ್ತಲ ಪೌಲನು ಫಿಲಿಪ್ಪಿ ಪಟ್ಟಣದ ಕ್ರೈಸ್ತ ಸಭೆಗೆ ಬರೆದ, ಬೈಬಲಿನಲ್ಲಿರುವ ಪತ್ರಿಕೆಯ ಮೊದಲನೆಯ ಅಧ್ಯಾಯದಲ್ಲಿ ಮಾಡಿರುವ ಪ್ರಾರ್ಥನೆ. ನಿಮ್ಮ ಪ್ರೀತಿ ಹೆಚ್ಚಲಿ ಎಂದಷ್ಟೇ ಹೇಳಿ ಅವನು ನಿಲ್ಲಿಸುವುದಿಲ್ಲ; ಅದು ಜ್ಞಾನ ವಿವೇಕಗಳೊಂದಿಗೆ ಹೆಚ್ಚಲಿ, ಯಾವುದು ಉತ್ತಮವೆಂದು ನೀವು ಗುರುತಿಸುವಂತಾಗಲಿ ಎಂದು ಬೇಡುತ್ತಾನೆ.

ಒಳ್ಳೆಯದನ್ನು ಕೆಟ್ಟದ್ದರಿಂದ ಬೇರ್ಪಡಿಸುವುದು ನನ್ನ ಮೇಜಿನ ಮೇಲೆ ಬರುವ ವಿಷಯಗಳಲ್ಲಿ ಅಷ್ಟೇನೂ ಕಷ್ಟವಲ್ಲ. ಕಷ್ಟವಾಗುವುದು, ಎರಡೂ ಒಳ್ಳೆಯದಾಗಿಯೇ ಕಾಣುವಾಗ.

ಎಂಟು ವರ್ಷ ದಾಟಿದ ಸರ್ವೀಸಿನ ಟೈಲರ್ ಒಬ್ಬರು ರಾಜೀನಾಮೆ ಪತ್ರ ಹಿಡಿದು ಬಂದರು. ಮಗಳ ಮದುವೆ ಗೊತ್ತಾಗಿತ್ತು, ಸಂಘದ ಸಾಲದ ಕಂತು ಬಾಕಿಯಿತ್ತು. ಕೆಲಸ ಬಿಟ್ಟರೆ ಪಿಎಫ್ ಹಣವೆಲ್ಲ ಒಟ್ಟಿಗೆ ಕೈಗೆ ಬರುತ್ತದೆ, ಮದುವೆ ಮುಗಿದ ಮೇಲೆ ಪಕ್ಕದ ಕಾರ್ಖಾನೆಗೆ ಹೊಸದಾಗಿ ಸೇರಿದರಾಯಿತು ಎಂಬುದು ಅವರ ಲೆಕ್ಕ. ಈ ಲೆಕ್ಕ ನಮ್ಮ ಗಾರ್ಮೆಂಟ್ ಹೆಣ್ಣುಮಕ್ಕಳಲ್ಲಿ ಎಷ್ಟು ಆಳವಾಗಿ ಬೇರೂರಿದೆಯೆಂಬುದನ್ನು 2016ರ ಏಪ್ರಿಲ್‌ನಲ್ಲಿ ಇಡೀ ಬೆಂಗಳೂರು ಕಂಡಿತು. ಮಾಲೀಕರ ಪಾಲಿನ ಪಿಎಫ್ ಹಣವನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲವೆಂಬ ನಿಯಮ ಬಂದಾಗ ಸಾವಿರಾರು ಕಾರ್ಮಿಕರು ರಸ್ತೆಗಿಳಿದರು. ಕೇಂದ್ರ ಸರ್ಕಾರ ಆ ನಿಯಮವನ್ನು ಹಿಂತೆಗೆದುಕೊಂಡಿತು. ಆ ಹಣ ಅವರ ಪಾಲಿಗೆ ಮುಪ್ಪಿನ ಉಳಿತಾಯವಲ್ಲ, ಆಪತ್ತಿಗೆ ಆಗುವ ಒಂದೇ ಒಂದು ಗಂಟು. ಇದನ್ನು ಅರಿಯದೆ ಉಳಿತಾಯದ ಪಾಠ ಹೇಳುವುದು ಹೊಟ್ಟೆ ತುಂಬಿದವರ ಮಾತಾಗುತ್ತದೆ.

ಅವರ ಕಣ್ಣೀರನ್ನು ಕಂಡು ತಕ್ಷಣ ರುಜು ಹಾಕುವುದು ದಯೆಯಂತೆಯೇ ಕಾಣುತ್ತಿತ್ತು. ಕೈಯಿಂದ ಒಂದಿಷ್ಟು ಹಣ ಕೊಟ್ಟು ಕಳುಹಿಸುವುದೂ ಹಾಗೆಯೇ. ಆದರೆ ತಿಳಿದಿರಬೇಕಾದ ಸಂಗತಿಯೊಂದಿತ್ತು: ಮಾಲೀಕರು ಕಟ್ಟುವ, ಸಂಬಳದ ಶೇಕಡಾ 12ರಲ್ಲಿ 8.33 ಭಾಗ ಪಿಂಚಣಿ ನಿಧಿಗೆ ಹೋಗುತ್ತದೆ, ಮತ್ತು ಹತ್ತು ವರ್ಷಗಳ ಸೇವೆ ಪೂರ್ಣಗೊಂಡವರಿಗೆ 58ನೇ ವಯಸ್ಸಿನಿಂದ ತಿಂಗಳ ಪಿಂಚಣಿಯ ಹಕ್ಕು ಬರುತ್ತದೆ. ಎಂಟು ವರ್ಷಕ್ಕೇ ಪಿಂಚಣಿ ನಿಧಿಯ ಹಣವನ್ನೂ ತೆಗೆದುಕೊಂಡು ಹೊರಟರೆ ಆ ವರ್ಷಗಳು ಲೆಕ್ಕದಿಂದ ಅಳಿಸಿಹೋಗುತ್ತವೆ, ಹೊಸ ಕಾರ್ಖಾನೆಯಲ್ಲಿ ಎಣಿಕೆ ಮತ್ತೆ ಒಂದರಿಂದ ಶುರುವಾಗುತ್ತದೆ. ಕೆಲಸ ಬಿಡದೆಯೇ ಮದುವೆಗೆಂದು ಪಿಎಫ್‌ನಿಂದ ಮುಂಗಡ ಪಡೆಯಲು ಅವಕಾಶವಿದೆ. ಮುಂದೆ ಕಾರ್ಖಾನೆ ಬದಲಿಸಿದರೂ ಅದೇ ಯುಎಎನ್ (ಕೆಲಸ ಬದಲಾದರೂ ಬದಲಾಗದ ಪಿಎಫ್ ಗುರುತಿನ) ಸಂಖ್ಯೆಯಡಿ ವರ್ಗಾವಣೆ ಮಾಡಿಸಿಕೊಂಡರೆ ಸರ್ವೀಸು ಕೂಡಿಕೊಳ್ಳುತ್ತಾ ಹೋಗುತ್ತದೆ.

‘ಅಕ್ಕಾ, ಈ ಪತ್ರ ಇವತ್ತು ನನ್ನ ಹತ್ತಿರವೇ ಇರಲಿ, ನಾಳೆ ನಿಮ್ಮ ಯಜಮಾನರನ್ನೂ ಕರೆದುಕೊಂಡು ಬನ್ನಿ’ ಎಂದೆ. ‘ನಾಳೆ ಅಂದ್ರೆ ಛತ್ರದೋರು ಬಿಡಲ್ಲ ಮೇಡಂ, ಅಡ್ವಾನ್ಸ್ ಕಟ್ಟಬೇಕು’ ಎಂದು ಅವರು ಸಿಟ್ಟಾದರು. ಆಧಾರ್ ಕಾರ್ಡಿನಲ್ಲಿದ್ದ ಹೆಸರಿಗೂ ಪಿಎಫ್ ಖಾತೆಯಲ್ಲಿದ್ದ ಹೆಸರಿಗೂ ಒಂದಕ್ಷರದ ವ್ಯತ್ಯಾಸವಿದ್ದುದರಿಂದ ಮುಂಗಡದ ಅರ್ಜಿ ತಿರಸ್ಕೃತವಾಗುವ ಸಂಭವವಿತ್ತು. ಮೊದಲು ಅದನ್ನು ತಿದ್ದಿಸಬೇಕಾಯಿತು. ಪ್ರೀತಿಯ ವಿಷಯ ಬರೆಯುವಾಗ ಒಂದಕ್ಷರದ ತಿದ್ದುಪಡಿಯನ್ನು ಹೇಳುವುದು ವಿಚಿತ್ರವೆನಿಸಬಹುದು, ಆದರೆ ನನ್ನ ಕೆಲಸದಲ್ಲಿ ಜ್ಞಾನವೆಂಬುದು ಬಹುಪಾಲು ಇಂಥದ್ದೇ. ಛತ್ರದ ಮುಂಗಡಕ್ಕೆ ಅವರು ಅಣ್ಣನಿಂದ ಕೈಸಾಲ ಪಡೆದರು. ಪಿಎಫ್ ಮುಂಗಡ ಬಂದ ಮೇಲೆ ತೀರಿಸಿದರು. ನನ್ನ ಮೇಲಿನ ಅವರ ಅಸಮಾಧಾನ ಪೂರ್ತಿ ಹೋಗಿದೆಯೆಂದು ಹೇಳಲಾರೆ.

ಅದೇ ಪತ್ರಿಕೆಯ ಎರಡನೆಯ ಅಧ್ಯಾಯದಲ್ಲಿ ಎಪಫ್ರೊದೀತನ ಸಂಗತಿ ಬರುತ್ತದೆ. ಫಿಲಿಪ್ಪಿಯವರ ಕಾಣಿಕೆಯನ್ನು ಹೊತ್ತು ಪೌಲನ ಉಪಚಾರಕ್ಕೆಂದು ಬಂದವನು ಕಾಯಿಲೆ ಬಿದ್ದು ಸಾಯುವಂತಾಗಿದ್ದನು. ತನ್ನ ಕಾಯಿಲೆಯ ಸುದ್ದಿ ಊರಿಗೆ ಮುಟ್ಟಿತೆಂದು ಮತ್ತಷ್ಟು ಕಳವಳಗೊಂಡಿದ್ದನು. ಸೆರೆಯಲ್ಲಿದ್ದ ಪೌಲನಿಗೆ ಅವನ ಅಗತ್ಯವಿರಲಿಲ್ಲವೆಂದಲ್ಲ. ಆದರೂ ಅವನನ್ನು ಹಿಂದಕ್ಕೆ ಕಳುಹಿಸುತ್ತಾನೆ. ಸೇವೆಯನ್ನು ಅರ್ಧಕ್ಕೇ ಬಿಟ್ಟು ಬಂದನೆಂದು ಯಾರೂ ಹಗುರವಾಗಿ ಕಾಣದಂತೆ, ಇಂಥವರನ್ನು ಗೌರವಿಸಿರಿ ಎಂದು ಪತ್ರದಲ್ಲಿಯೇ ಬರೆದುಬಿಡುತ್ತಾನೆ. ರಜೆ ಮಂಜೂರು ಮಾಡಿ, ವಾಪಸು ಬಂದವರನ್ನು ಲೈನಿನಲ್ಲಿ ಯಾರೂ ಆಡಿಕೊಳ್ಳದಂತೆ ಸೂಪರ್‌ವೈಸರ್‌ಗೆ ಮುಂಚೆಯೇ ಒಂದು ಮಾತು ಹೇಳಿಡುವುದು ನನಗೆ ರೂಢಿಯಾದದ್ದು ಈ ಭಾಗವನ್ನು ಓದಿದ ಮೇಲೆ.

ವಿವೇಕ ಹೆಚ್ಚು ಬೇಕಾಗುವ ಇನ್ನೊಂದು ಜಾಗವಿದೆ, ಅದರ ಬಗ್ಗೆ ನಮ್ಮ ಕ್ರೈಸ್ತ ಬಳಗದಲ್ಲಿ ಅಷ್ಟಾಗಿ ಮಾತು ನಡೆಯುವುದಿಲ್ಲ. ಗಂಡನ ಕುಡಿತ, ಹೊಡೆತ, ಮಗಳು ಮನೆ ಬಿಟ್ಟುಹೋದದ್ದು, ಇಂಥವನ್ನೆಲ್ಲ ಕೆಲಸಗಾರರು ನನ್ನ ಕೋಣೆಯಲ್ಲಿ ಹೇಳಿಕೊಳ್ಳುತ್ತಾರೆ. ಅವರಿಗಾಗಿ ಪ್ರಾರ್ಥಿಸಬೇಕೆನಿಸುವುದು ಸಹಜ, ಮನೆಯಲ್ಲಿ ಪ್ರಾರ್ಥಿಸುತ್ತೇನೆ. ಆದರೆ ಬುಧವಾರದ ಪ್ರಾರ್ಥನಾ ಕೂಟದಲ್ಲಿ ‘ಪ್ರಾರ್ಥನಾ ವಿನಂತಿ’ ಎಂದು ಹೆಸರೆತ್ತಿದರೆ ಸಾಕು, ಅವರಿರುವ ದಾಸರಹಳ್ಳಿಯ ವಠಾರದ ಬಾಗಿಲಿಗೆ ಸುದ್ದಿ ತಲುಪಲು ಹೆಚ್ಚು ಹೊತ್ತು ಹಿಡಿಯುವುದಿಲ್ಲ. ಭಕ್ತಿಯ ಮಾತಿನಲ್ಲಿ ಹೇಳಿದ ಮಾತ್ರಕ್ಕೆ ಚಾಡಿ ಚಾಡಿಯಲ್ಲದೇ ಹೋಗುವುದಿಲ್ಲ. ಹಾಗೆಯೇ, ರಜೆ ಕೇಳಲು ಬಂದವರೆದುರು ‘ನಿಮಗಾಗಿ ಪ್ರಾರ್ಥನೆ ಮಾಡಲೇ’ ಎಂದು ನಾನು ಕೇಳುವುದಿಲ್ಲ. ಆ ರಜೆಯ ಅರ್ಜಿ ನನ್ನ ಕೈಯಲ್ಲಿರುವಾಗ ಬೇಡವೆನ್ನುವ ಸ್ವಾತಂತ್ರ್ಯ ಅವರಿಗೆ ಇರುವುದಿಲ್ಲ. ಬೇಡವೆನ್ನಲಾಗದವರ ಒಪ್ಪಿಗೆಗೆ ಬೆಲೆಯೂ ಇಲ್ಲ. ನನ್ನ ಸಾಕ್ಷಿ, ಎಂದರೆ ನಂಬಿಕೆಯನ್ನು ಇತರರ ಮುಂದೆ ಹೇಳಿಕೊಳ್ಳುವುದು, ಎಲ್ಲಿಹೋಯಿತೆಂದು ಕೂಟದ ಹಿರಿಯರೊಬ್ಬರು ಕೇಳಿದ್ದುಂಟು.

ಕ್ಷಮೆಯ ವಿಷಯದಲ್ಲಂತೂ ಇನ್ನೂ ಎಚ್ಚರ ಬೇಕು. ಲೈನಿನಲ್ಲಿ ಹೆಣ್ಣುಮಕ್ಕಳನ್ನು ಅಸಭ್ಯವಾಗಿ ಬೈಯುವ ಅಥವಾ ಮುಟ್ಟುವ ಮೇಲ್ವಿಚಾರಕನು ‘ಕ್ಷಮಿಸಿಬಿಡಿ’ ಎಂದರೆ, ಕ್ಷಮಿಸುವ ಹಕ್ಕು ನನ್ನದಲ್ಲ, ಆ ಹೆಣ್ಣುಮಗಳದು. ಅವಳು ಕ್ಷಮಿಸಿದರೂ ದೂರನ್ನು ಮುಚ್ಚಿಹಾಕಬೇಕೆಂದೇನೂ ಇಲ್ಲ. 2013ರ ಕಾನೂನಿನಂತೆ ಲೈಂಗಿಕ ಕಿರುಕುಳದ ದೂರು ಕಾರ್ಖಾನೆಯ ಆಂತರಿಕ ಸಮಿತಿಯ ಮುಂದೆ ಹೋಗಬೇಕು, 90 ದಿನಗಳೊಳಗೆ ವಿಚಾರಣೆ ಮುಗಿಯಬೇಕು, ದೂರು ಕೊಟ್ಟವಳ ಹೆಸರು ಹೊರಗೆ ಬರಬಾರದು. ಲಿಖಿತ ದೂರು ಬರೆಯಲಾಗದವರಿಗೆ ಬರೆಯಲು ನೆರವಾಗುವುದೂ ಸಮಿತಿಯ ಹೊಣೆ. ಅವಳು ಹೇಳಿದ್ದನ್ನು ಅವಳ ಮಾತಿನಲ್ಲಿಯೇ ಬರೆದು, ಓದಿ ಕೇಳಿಸಿ, ಆಮೇಲೆ ರುಜು ಪಡೆಯಬೇಕೆಂದು ಸಮಿತಿಗೆ ಹೊಸದಾಗಿ ಸೇರುವವರಿಗೆಲ್ಲ ಮೊದಲ ದಿನವೇ ಹೇಳುತ್ತೇನೆ.