ಕುಡಿಯುವವರಿಗೆ ಯಾವ ಸಿನಿಮಾ ತೋರಿಸಬೇಕು?

ಸಿನಿಮಾ ಕುರಿತು ಬರೆಯುವವನಾದ್ದರಿಂದ ನನ್ನನ್ನು ಹಲವರು ಹಲವು ಪ್ರಶ್ನೆ ಕೇಳುತ್ತಾರೆ. ಅವುಗಳಲ್ಲಿ ಒಂದನ್ನು ಮಾತ್ರ ದನಿ ತಗ್ಗಿಸಿ ಕೇಳುತ್ತಾರೆ: ಮನೆಯಲ್ಲಿ ಒಬ್ಬರು ಕುಡಿಯುತ್ತಾರೆ, ನೋಡಿದರೆ ಬಿಡುವಂಥ ಸಿನಿಮಾ ಯಾವುದಾದರೂ ಇದೆಯೇ? ಕೇಳುವವರು ಹೆಚ್ಚಾಗಿ ಹೆಂಡತಿ ಅಥವಾ ಮಗಳು.

ಇಲ್ಲ. ಕುಡಿಯುವವರು ಪರದೆಯ ಮೇಲೆ ತಮಗಿಂತ ಹಾಳಾದವನನ್ನು ಹುಡುಕಿಕೊಂಡು, 'ನಾನು ಇವನಷ್ಟು ಕೆಟ್ಟಿಲ್ಲವಲ್ಲ' ಎಂದು ಸಮಾಧಾನವಾಗಿ ಎದ್ದುಹೋಗುತ್ತಾರೆ. ಅವರಿಗೆ ತೋರಿಸಬೇಡಿ, ನೀವು ನೋಡಿ.

ಆದರೆ 'ದೇವದಾಸ'ನಿಂದ ಶುರು ಮಾಡಬೇಡಿ. ಬಂಗಾಳಿ ಲೇಖಕ ಶರತ್‌ಚಂದ್ರರ 1917ರ ಕಾದಂಬರಿಯನ್ನು 1935ರಲ್ಲಿ ನಿರ್ದೇಶಕ ಪಿ.ಸಿ. ಬರುವಾ ತೆರೆಗೆ ತಂದರು. 1953ರಲ್ಲಿ ತೆಲುಗಿನ ನಾಗೇಶ್ವರರಾವ್, 1955ರಲ್ಲಿ ದಿಲೀಪ್ ಕುಮಾರ್, 2002ರಲ್ಲಿ ಶಾರುಖ್ ಖಾನ್ ದೇವದಾಸರಾದರು. ಹಾಡುಗಳು ಚೆನ್ನಾಗಿವೆ, ಅಭಿನಯವೂ ದೊಡ್ಡದೇ. ನನ್ನ ತಕರಾರು ಇರುವುದು ಅದು ಕುಡಿತಕ್ಕೆ ಒದಗಿಸುವ ಕಾರಣದ ಬಗ್ಗೆ. ಪ್ರೀತಿಸಿದ ಪಾರ್ವತಿ ಸಿಗಲಿಲ್ಲ, ಆದ್ದರಿಂದ ಕುಡಿದ. ಹಾಗಾದರೆ ಪಾರ್ವತಿ ಸಿಕ್ಕಿದ್ದರೆ ಬಿಡುತ್ತಿದ್ದನೇ? ನಮ್ಮ ಮನೆಗಳು ಹೌದೆಂದೇ ನಂಬಿವೆ. 'ಒಂದು ಮದುವೆ ಮಾಡಿದರೆ ಸರಿಹೋಗುತ್ತಾನೆ' ಎಂದು ಯಾರದೋ ಮನೆಯ ಹುಡುಗಿಯನ್ನು ತಂದು ಕಟ್ಟುವುದು ಈ ನಂಬಿಕೆಯಿಂದಲೇ.

ಇದಕ್ಕೆ ಎದುರಾಗಿ ಬಿಲ್ಲಿ ವೈಲ್ಡರ್ 1945ರಲ್ಲಿ ಮಾಡಿದ 'ದಿ ಲಾಸ್ಟ್ ವೀಕೆಂಡ್' ನೋಡಿ. ಆರಂಭದಲ್ಲೇ ನ್ಯೂಯಾರ್ಕಿನ ಒಂದು ಕಿಟಕಿಯ ಹೊರಗೆ ದಾರಕ್ಕೆ ಕಟ್ಟಿದ ವಿಸ್ಕಿ ಬಾಟಲಿ ತೂಗುತ್ತಿರುತ್ತದೆ. ಒಳಗೆ ಡಾನ್ ಬರ್ನಮ್ ಎಂಬ ಲೇಖಕ ಸಹೋದರನೊಂದಿಗೆ ಊರಿಗೆ ಹೊರಡಲು ಬಟ್ಟೆ ಜೋಡಿಸುತ್ತಿದ್ದಾನೆ. ಅವನ ಗಮನವೆಲ್ಲ ಆ ದಾರದ ಮೇಲೆ. ಮುಂದೆ ಇನ್ನೊಂದು ಬಾಟಲಿಯನ್ನು ಚಾವಣಿಯ ದೀಪದೊಳಗೆ ಬಚ್ಚಿಟ್ಟು, ಎಲ್ಲಿಟ್ಟೆನೆಂಬುದನ್ನೇ ಮರೆತು ಮನೆಯನ್ನೆಲ್ಲ ಕೆದಕುತ್ತಾನೆ. ಟೈಪ್‌ರೈಟರ್ ಒತ್ತೆಯಿಡಲು ಹೊತ್ತುಕೊಂಡು ಬೀದಿಯುದ್ದಕ್ಕೂ ನಡೆಯುತ್ತಾನೆ. ಅಂದು ಯಹೂದಿಗಳ ಪವಿತ್ರ ದಿನ ಯೋಮ್ ಕಿಪ್ಪುರ್, ಒತ್ತೆ ಅಂಗಡಿಗಳೆಲ್ಲ ಮುಚ್ಚಿವೆ. ಕುಡಿತವೆಂದರೆ ತೂರಾಡುವುದಲ್ಲ, ಇಡೀ ದಿನದ ಲೆಕ್ಕಾಚಾರ, ಸುಳ್ಳು, ಅಡಗಿಸಿಡುವ ಕಸುಬು ಎಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸಿದ ಸಿನಿಮಾಗಳು ಕಡಿಮೆ. ಅಕ್ಕಿ ಡಬ್ಬಿಯಲ್ಲೋ ಸ್ಕೂಟರ್ ಡಿಕ್ಕಿಯಲ್ಲೋ ಬಾಟಲಿ ಕಂಡವರಿಗೆ ಡಾನ್ ಹೊಸಬನೆನಿಸುವುದಿಲ್ಲ. ಕೊನೆಯಲ್ಲಿ ಅವನು ಸಿಗರೇಟನ್ನು ವಿಸ್ಕಿ ಲೋಟಕ್ಕೆ ಹಾಕಿ ಬರೆಯಲು ತೀರ್ಮಾನಿಸುವುದು ಮಾತ್ರ ನನಗೆ ಹಿಡಿಸುವುದಿಲ್ಲ. ಚಾರ್ಲ್ಸ್ ಜಾಕ್ಸನ್ನರ ಮೂಲ ಕಾದಂಬರಿ ಅಷ್ಟು ಸುಲಭವಾಗಿ ಬಿಡುಗಡೆ ಕೊಡುವುದಿಲ್ಲ.

ಒಂದೇ ಸಿನಿಮಾ ನೋಡುವಷ್ಟು ಸಮಯವಿದ್ದರೆ, ಬ್ಲೇಕ್ ಎಡ್ವರ್ಡ್ಸ್‌ರ 'ಡೇಸ್ ಆಫ್ ವೈನ್ ಅಂಡ್ ರೋಸಸ್' (1962). ಕರ್ಸ್ಟನ್‌ಗೆ ಕುಡಿತ ಬೇಡ, ಚಾಕೊಲೇಟ್ ಇಷ್ಟ. ಅದನ್ನು ತಿಳಿದ ಜೋ ಚಾಕೊಲೇಟ್ ರುಚಿಯ ಬ್ರಾಂಡಿ ಪಾನೀಯ ತರಿಸಿಕೊಡುತ್ತಾನೆ. ಇಬ್ಬರೂ ಪ್ರೀತಿಸಿ ಮದುವೆಯಾಗುತ್ತಾರೆ, ಇಬ್ಬರೂ ಮುಳುಗುತ್ತಾರೆ. ಮಾವನ ಹಸಿರುಮನೆಯಲ್ಲಿ ಕುಂಡದೊಳಗೆ ಬಚ್ಚಿಟ್ಟ ಬಾಟಲಿ ಸಿಗದೆ ಜೋ ಗಿಡಗಳನ್ನೆಲ್ಲ ಕಿತ್ತು ಒಡೆದುಹಾಕುವ ದೃಶ್ಯವನ್ನು ಎಲ್ಲರೂ ನೆನೆಯುತ್ತಾರೆ. ನನ್ನನ್ನು ಕಾಡುವುದು ಕೊನೆಯ ಭಾಗ. ಅವನು ಬಿಟ್ಟಿದ್ದಾನೆ, ಅವಳು ಬಿಟ್ಟಿಲ್ಲ. ಮಗಳು ಪಕ್ಕದ ಕೋಣೆಯಲ್ಲಿ ಮಲಗಿದ್ದಾಳೆ. ಮರಳಿ ಬರುತ್ತೇನೆನ್ನುವ ಹೆಂಡತಿಯನ್ನು ಅವನು ಈಗಲೂ ಪ್ರೀತಿಸುತ್ತಾನೆ, ಆದರೂ ಅವಳು ಕುಡಿಯುತ್ತಿರುವವರೆಗೆ ಒಪ್ಪಿಕೊಳ್ಳಲಾರ. ಪ್ರೀತಿಯಿಂದಲೇ ಬಿಡಿಸುತ್ತೇನೆಂದು ವರ್ಷಗಟ್ಟಲೆ ಸವೆದವರು ನೋಡಬೇಕಾದದ್ದು ಇದನ್ನು.

ಕನ್ನಡದಲ್ಲಿ ಏನೂ ಇಲ್ಲವೇ ಎಂದರೆ, 1992ರ 'ಜೀವನ ಚೈತ್ರ' ಇದೆ. ಅಲ್ಲಿ ರಾಜ್‌ಕುಮಾರ್ ಎದುರಿಸುವುದು ಊರಿನ ಸಾರಾಯಿ ವ್ಯಾಪಾರವನ್ನು. ಸಾರಾಯಿ ರಾಜ್ಯದಲ್ಲಿ ನಿಷೇಧವಾದದ್ದು 2007ರಲ್ಲಿ. ಅದು ಅಂಗಡಿ ಮುಚ್ಚಿಸುವ ಕಥೆ. ಮನೆಯೊಳಗಿನ ಕಪಾಟಿನ ಕಥೆ ಕನ್ನಡಕ್ಕೆ ಇನ್ನೂ ಬೇಕು. ಉಳಿದಂತೆ ಬಾರಿನಲ್ಲಿ ನಾಯಕನ ಕುಣಿತ, ಕೆಳಗೆ ಮೂಲೆಯಲ್ಲಿ 'ಮದ್ಯಪಾನ ಆರೋಗ್ಯಕ್ಕೆ ಹಾನಿಕರ' ಎಂಬ ಸಣ್ಣ ಅಕ್ಷರ!

ಇನ್ನೊಂದು ಮಾತು. 'ದಿ ಲಾಸ್ಟ್ ವೀಕೆಂಡ್'ನಲ್ಲಿ ಡಾನ್‌ಗೆ ಗೋಡೆಯ ಬಿರುಕಿನಲ್ಲಿ ಇಲಿ, ಅದರ ಮೇಲೆರಗುವ ಬಾವಲಿ ಕಾಣುವ ದೃಶ್ಯ ಬರಿಯ ಕಲ್ಪನೆಯಲ್ಲ. ಬಹುಕಾಲ ವಿಪರೀತ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ನಡುಕ, ಭ್ರಮೆ, ಫಿಟ್ಸ್ ಬರಬಹುದು, ಜೀವಕ್ಕೂ ಅಪಾಯ. ಕೋಣೆಯಲ್ಲಿ ಕೂಡಿಹಾಕಿ ಬಿಡಿಸಲು ಹೋಗಬೇಡಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ವಿಭಾಗವಿದೆ. ಅಲ್ಲಿಗೆ ಹೋಗಲಾಗದಿದ್ದರೆ ಹತ್ತಿರದ ಆಸ್ಪತ್ರೆಯ ಮನೋವೈದ್ಯರನ್ನು ಕಾಣಿ.