ಹಳೇ ಪುಸ್ತಕ, ಯಾರದೋ ಪೆನ್ಸಿಲ್ಲು

ಮೊನ್ನೆ ಭಾನುವಾರ ಅವೆನ್ಯೂ ರೋಡಲ್ಲಿ ಸುಮ್ನೆ ಸುತ್ತಾಡ್ತಿದ್ದೆ, ಸಿಇಟಿ ಗೈಡ್‌ಗಳ ರಾಶಿ ಕೆಳಗಡೆ ಎಪ್ಪತ್ತರ ದಶಕದ ಒಂದು ಇಂಗ್ಲಿಷ್ ಪೇಪರ್‌ಬ್ಯಾಕ್ ಸಿಕ್ತು. ಬರ್ಮುಡಾ ಟ್ರಯಾಂಗಲ್, ಹಾರುವ ತಟ್ಟೆ, ಸ್ಕಾಟ್ಲೆಂಡಿನ ಸರೋವರದಲ್ಲಿದೆ ಅನ್ನೋ ಲಾಕ್ ನೆಸ್ ಪ್ರಾಣಿ ಎಲ್ಲಾ ಒಟ್ಟಿಗೆ ಹಾಕಿರೋ ಥರದ್ದು. ಬೈಂಡಿಂಗ್ ಕಿತ್ತುಹೋಗಿದೆ, ಹಾಳೆ ಬೀಡಿ ಎಲೆ ಬಣ್ಣಕ್ಕೆ ತಿರುಗಿದೆ. 60 ರೂಪಾಯಿ ಅಂದ್ರು, 40ಕ್ಕೆ ಕೊಟ್ರು.

ಚಿಕ್ಕಂದಿನಿಂದ ನಂಗೆ ಈ ಥರದ ಪುಸ್ತಕ ಅಂದ್ರೆ ಪ್ರಾಣ. ಅರ್ಧ ಕಾರಣ ಆ ಮಸುಕು ಫೋಟೋಗಳು. ಲಾಕ್ ನೆಸ್‌ದು 1934ರ ಫೋಟೋ ಇದ್ಯಲ್ಲ, ನೀರಿಂದ ಉದ್ದ ಕತ್ತು ಎತ್ತಿರೋದು, ಅದು ಆಟಿಕೆ ಸಬ್‌ಮರೀನ್‌ಗೆ ತಲೆ ಕೂರಿಸಿ ತೆಗೆದಿದ್ದು ಅಂತ 1994ರಲ್ಲಿ ಬಯಲಾಯ್ತು. ಗೊತ್ತಿದ್ರೂ ಆ ಪೇಜ್ ತೆಗೆದ್ರೆ ಮೈ ಜುಮ್ ಅನ್ನುತ್ತೆ, ಯಾಕಂದ್ರೆ ಆ ಚುಕ್ಕಿಚುಕ್ಕಿ ಪ್ರಿಂಟಲ್ಲಿ ಕಾಣದೇ ಇರೋದನ್ನ ನಮ್ಮ ಕಣ್ಣೇ ತುಂಬಿಸ್ಕೊಳ್ಳುತ್ತೆ. ಅದನ್ನೇ ಫೋನಲ್ಲಿ ಜೂಮ್ ಮಾಡಿ ನೋಡಿ, ಏನೂ ಆಗಲ್ಲ.

ಆದ್ರೆ ಈ ಪ್ರತಿಯಲ್ಲಿ ಇನ್ನೊಂದು ಇದೆ. ಮೊದ್ಲು ಓದಿದವರು ಯಾರೋ ಅಂಚಲ್ಲಿ ಪೆನ್ಸಿಲ್ಲಲ್ಲಿ ಕನ್ನಡದಲ್ಲಿ ಬರೆದಿದ್ದಾರೆ, ಸಣ್ಣ ದುಂಡು ಅಕ್ಷರ. ಬರ್ಮುಡಾ ಟ್ರಯಾಂಗಲ್‌ನ ಫ್ಲೈಟ್ 19ರ ಕಥೆ ಪಕ್ಕ, ಅದೇ 1945 ಡಿಸೆಂಬರ್ 5ಕ್ಕೆ ಫ್ಲೋರಿಡಾದಿಂದ ಹೊರಟ ಐದು ಅಮೆರಿಕನ್ ನೌಕಾಪಡೆ ವಿಮಾನ, 14 ಜನ, ಒಬ್ರೂ ವಾಪಸ್ ಬರ್ಲಿಲ್ಲ, ಅಲ್ಲಿ "ಪೆಟ್ರೋಲ್ ಎಷ್ಟಿತ್ತು?" ಅಂತ ಬರೆದಿದ್ದಾರೆ. ಎಂಥಾ ಪ್ರಶ್ನೆ ನೋಡಿ! ಲೀಡರ್ ದಿಕ್ಸೂಚಿ ಕೆಟ್ಟಿದೆ ಅಂತ ರೇಡಿಯೋದಲ್ಲಿ ಹೇಳಿದ್ದ, ಕತ್ತಲಾಗಿತ್ತು, ಸಮುದ್ರ ಎದ್ದಿತ್ತು, ದಾರಿ ತಪ್ಪಿ ಸುತ್ತಿ ಸುತ್ತಿ ಇಂಧನ ಮುಗಿದು ನೀರಿಗೆ ಬಿದ್ದಿರಬೇಕು. ಹುಡುಕೋಕೆ ಹೋದ ವಿಮಾನವೂ 13 ಜನರ ಸಮೇತ ಹೋಯ್ತು. ಪುಸ್ತಕ ಕೇಳದೇ ಬಿಟ್ಟಿದ್ದನ್ನ ಪೆನ್ಸಿಲ್ ಕೇಳಿದೆ.

ತುಂಗುಸ್ಕಾ ಚಾಪ್ಟರಲ್ಲಿ "ಯಾರೂ ಹೋಗಿ ನೋಡ್ಲಿಲ್ವಾ?" ಅಂತಿದೆ, ಎರಡು ಸಲ ಗೆರೆ ಎಳೆದು. 1908 ಜೂನ್ 30ಕ್ಕೆ ಸೈಬೀರಿಯಾದಲ್ಲಿ ಒಂದು ಭಾರೀ ಸ್ಫೋಟಕ್ಕೆ ಸುಮಾರು 2000 ಚದರ ಕಿಲೋಮೀಟರ್ ಕಾಡು ನೆಲಕ್ಕೆ ಮಲಗ್ತು, ರಷ್ಯಾದ ವಿಜ್ಞಾನಿ ಕುಲಿಕ್ ತಂಡ ಅಲ್ಲಿ ಕಾಲಿಟ್ಟಿದ್ದು 1927ರಲ್ಲಿ. ಹತ್ತೊಂಬತ್ತು ವರ್ಷ! ಹೋಗಿ ನೋಡಿದ್ರೆ ಉಲ್ಕೆ ಬಿದ್ದ ಗುಂಡೀನೇ ಇಲ್ಲ, ನಟ್ಟನಡುವೆ ಮರಗಳು ಕೊಂಬೆ ಇಲ್ದೆ ನಿಂತೇ ಇದ್ವಂತೆ. ಅದು ಮೇಲೇ ಗಾಳಿಯಲ್ಲೇ ಸಿಡಿದಿತ್ತು. ನನಗಂತೂ ಯಾವ ಅನ್ಯಗ್ರಹದ ಕಥೆಗಿಂತ ಇದೇ ಜಾಸ್ತಿ ರೋಮಾಂಚನ.

ಹೋಗಿ ನೋಡೋ ವಿಷಯದಲ್ಲಿ ನಮ್ಮೂರಿನವರೂ ಕಮ್ಮಿ ಇಲ್ಲ. ಆನೇಕಲ್ ಸುಬ್ಬರಾಯ ಶಾಸ್ತ್ರಿಗಳು ಭರದ್ವಾಜ ಮಹರ್ಷಿದು ಅಂತ ಹೇಳಿ ಬರೆಸಿದ ವೈಮಾನಿಕ ಶಾಸ್ತ್ರವನ್ನ 1974ರಲ್ಲಿ ಟಾಟಾ ಇನ್‌ಸ್ಟಿಟ್ಯೂಟಿನ (ಅದೇ ಐಐಎಸ್‌ಸಿ) ಐದು ಜನ ಕೂತು ಓದಿದ್ರು. ನಗಾಡಿ ಪಕ್ಕಕ್ಕಿಡಬಹುದಿತ್ತು, ಇಡ್ಲಿಲ್ಲ, ಚಿತ್ರಗಳ ಅಳತೆ ತಗೊಂಡು ಲೆಕ್ಕ ಹಾಕಿ, ಈ ವಿಮಾನಗಳು ಹಾರಲ್ಲ, ಬರಹ 1904ಕ್ಕಿಂತ ಹಿಂದಿಂದಲ್ಲ ಅಂತ ತೀರ್ಮಾನ ಬರೆದ್ರು. ಆ ಚಿತ್ರಗಳೂ ನಂಗೆ ಇಷ್ಟ, ಆ ಲೆಕ್ಕವೂ ಇಷ್ಟ.

ಪುಸ್ತಕ ಮುಗಿಸಿ ನಿನ್ನೆ ಮತ್ತೆ ಅದೇ ಅಂಗಡಿಗೆ ಹೋದೆ. ಇದು ಎಲ್ಲಿಂದ ಬಂತು ಅಂದೆ. "ಬಸವನಗುಡಿ ಕಡೆ ಒಂದು ಹಳೇ ಮನೆ ಖಾಲಿ ಮಾಡಿದ್ರು ಸಾರ್, ತೂಕಕ್ಕೆ ತಂದಿದ್ದು, ಇನ್ನೂ ಒಂದು ಮೂಟೆ ಬಿಚ್ಚಿಲ್ಲ" ಅಂದ್ರು. ಬರೋ ಭಾನುವಾರ ಬೆಳಿಗ್ಗೆ ಬಿಚ್ತಾರಂತೆ, ಒಂಬತ್ತಕ್ಕೆಲ್ಲಾ ಬನ್ನಿ ಅಂದಿದ್ದಾರೆ.