ನಮ್ಮ ಕಳ್ಳಿ ಯಾಕೆ ಹೂ ಬಿಡಲ್ಲ?

ಮನೆಗೆ ಬಂದವರು ತಾರಸಿ ಹತ್ತಿ ನನ್ನ ಪುಟ್ಟ ಕಳ್ಳಿಗಳನ್ನು ನೋಡಿದ ಮೇಲೆ ಕೇಳುವುದು ಒಂದೇ ಮಾತು: "ನಮ್ಮನೇಲೂ ಒಂದಿದೆ, ದಿನಾ ತಪ್ಪದೆ ನೀರು ಹಾಕ್ತೀವಿ. ಒಂದು ಹೂವೂ ಬಿಟ್ಟಿಲ್ಲ, ಯಾಕೆ?"

ದಿನಾ ನೀರು ಹಾಕುವುದರಿಂದಲೇ.

ಬೆಂಗಳೂರಿನಲ್ಲಿ ನಾನು ನೀರು ಹಾಕುವುದು ಹಬ್ಬದ ಲೆಕ್ಕದಲ್ಲಿ. ದೀಪಾವಳಿ ಕಳೆದು ಹಿಂಗಾರು ನಿಂತ ಮೇಲೆ ಕಡಿಮೆ ಮಾಡುತ್ತಾ ಬಂದು, ಡಿಸೆಂಬರ್, ಜನವರಿಯಲ್ಲಿ ಪೂರ್ತಿ ನಿಲ್ಲಿಸುತ್ತೇನೆ. ಗಿಡ ಕುಗ್ಗಿ, ಸುಕ್ಕುಗಟ್ಟಿ, ಮಣ್ಣಿಗೆ ಇಳಿದಂತೆ ಕಾಣುತ್ತದೆ. ಕರುಳು ಚುರುಕ್ ಅನ್ನುತ್ತದೆ, ಆದರೂ ಕೈ ಕಟ್ಟಿ ಕೂರಬೇಕು. ಮ್ಯಾಮಿಲೇರಿಯಾ ಅನ್ನುವ ಕಳ್ಳಿಯ ತವರು ಹೆಚ್ಚಾಗಿ ಮೆಕ್ಸಿಕೋದ ಒಣ ನಾಡು, ಜಿಮ್ನೋಕ್ಯಾಲಿಸಿಯಂ ಬಾಲ್ಡಿಯಾನಂ ಅನ್ನುವ ಇನ್ನೊಂದು ಕಳ್ಳಿ ಬಂದಿದ್ದು ಅರ್ಜೆಂಟೀನಾದ ಬೆಟ್ಟಗಳಿಂದ. ಎರಡೂ ಕಡೆ ಮಳೆ ಹೆಚ್ಚಾಗಿ ಅಲ್ಲಿನ ಬೇಸಿಗೆಯಲ್ಲಿ, ಚಳಿಗಾಲ ಒಣ. ಆ ಒಣ ಚಳಿಯಲ್ಲಿ ಮಲಗಿ ಎದ್ದ ಗಿಡವೇ ಮೊಗ್ಗು ಕಟ್ಟುವುದು.

ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋಗುತ್ತದಲ್ಲ, ನನ್ನ ಕಳ್ಳಿಗಳಿಗೆ ಆಗ ಮೊದಲ ನೀರು. ಆಮೇಲೂ ಕುಂಡದ ಮಣ್ಣು ಪೂರ್ತಿ ಒಣಗಿದ ಮೇಲೆಯೇ ಇನ್ನೊಂದು ಸಲ.

ಬಿಸಿಲಿಲ್ಲದಿದ್ದರೆ ಇದೆಲ್ಲ ವ್ಯರ್ಥ. ಟೀವಿ ಪಕ್ಕ ಇಟ್ಟ ಕಳ್ಳಿ ಬೆಳಕು ಹುಡುಕುತ್ತಾ ಉದ್ದಕ್ಕೆ ಎಳೆದುಕೊಳ್ಳುತ್ತದೆಯೇ ಹೊರತು ಹೂ ಬಿಡುವುದಿಲ್ಲ. ಬೆಳಗಿನ ಬಿಸಿಲು ನಾಲ್ಕೈದು ಗಂಟೆ ಬೇಕು. ಮಣ್ಣಿಗೆ ನಾನು ಅರ್ಧಕ್ಕಿಂತ ಹೆಚ್ಚು ದಪ್ಪ ಮರಳು, ಇಟ್ಟಿಗೆ ಚೂರು ಸೇರಿಸುತ್ತೇನೆ. ಬರೀ ಕೆಂಪು ಮಣ್ಣಿನಲ್ಲಿ ನೆಟ್ಟಿದ್ದ ನನ್ನ ಮೊದಲ ಗಿಡ ಒಂದೇ ಮಳೆಗಾಲಕ್ಕೆ ಬುಡ ಮೆತ್ತಗಾಗಿ, ಬೆರಳಿಟ್ಟರೆ ಒಳಕ್ಕೆ ಇಳಿಯುವಷ್ಟು ಕೊಳೆತಿತ್ತು. ಅವತ್ತಿನ ಸಂಕಟ ಇನ್ನೂ ಮರೆತಿಲ್ಲ.

ಕೊಳ್ಳುವಾಗಲೂ ಹುಷಾರು. ಹೂ ಬಿಟ್ಟ ಗಿಡ ಅಂತ ಒಮ್ಮೆ ಕೊಂಡು ತಂದಿದ್ದೆ, ಹೂ ತಿಂಗಳಾದರೂ ಬಾಡಲಿಲ್ಲ. ಮುಟ್ಟಿದರೆ ಕಾಗದದ ಹಾಗೆ ಗರಗರ. ಒಣಹೂವನ್ನು ಗೋಂದು ಹಾಕಿ ತಲೆಗೆ ಅಂಟಿಸಿದ್ದರು. ನಿಜವಾದ ಹೂ ಎಲ್ಲಿಂದ ಬರುತ್ತದೆ ಅಂತ ನೋಡಿ: ಮ್ಯಾಮಿಲೇರಿಯಾದಲ್ಲಿ ಮೈಮೇಲಿನ ಗುಬುಟುಗಳ (ಮುಳ್ಳು ಹೊತ್ತ ಉಬ್ಬುಗಳ) ಸಂದಿಯಿಂದ, ನೆತ್ತಿಯ ಸುತ್ತ ಬಳೆಯಂತೆ.

ಬಾಲ್ಡಿಯಾನಂ ಮೊಗ್ಗಿಗೆ ಮುಳ್ಳಿಲ್ಲ, ರೋಮವಿಲ್ಲ. ನುಣುಪಾದ ಹುರುಪೆಗಳು ಒಂದರ ಮೇಲೊಂದು ಹೊದ್ದಿರುತ್ತವೆ. ಮಾರ್ಚ್‌ನ ಬಿಸಿಲು ಏರುವ ಹೊತ್ತಿಗೆ ತುದಿ ಸಡಿಲವಾಗಿ, ದ್ರಾಕ್ಷಾರಸದ ಕೆಂಪು ಎಸಳುಗಳು ಒಂದೊಂದಾಗಿ ಹಿಂದಕ್ಕೆ ಬಾಗುತ್ತವೆ. ಸಂಜೆ ಮುಚ್ಚಿ, ಮರುದಿನ ಬಿಸಿಲಿಗೆ ಮತ್ತೆ ಬಿರಿಯುತ್ತವೆ. ರಜೆಯ ದಿನ ಸಿಕ್ಕರೆ ಮಣೆ ಹಾಕಿಕೊಂಡು ಅದರ ಮುಂದೆಯೇ ಕೂತಿರುತ್ತೇನೆ.